ಡ್ರೋನ್ ಹಿಡಿದು ಸಿನಿಮಾಕ್ಕೆ ಹೋಗುವುದು ಹೇಗೆ?

ದಡದಲ್ಲಿ ನಿಂತು ರಂಪಣಿ, ಅಂದರೆ ಮೀನಿನ ದೊಡ್ಡ ಬಲೆ ಎಳೆಯುವುದನ್ನು ನೋಡಿದರೆ ಕಾಣುವುದು ಹಗ್ಗ, ಬೆವರು, ಗದ್ದಲ. ಇನ್ನೂರು ಅಡಿ ಮೇಲಿಂದ ನೋಡಿದರೆ ನೀರಿನ ಮೇಲೆ ಯಾರೋ ಅರ್ಧಚಂದ್ರ ಬರೆದ ಹಾಗಿರುತ್ತದೆ. ಎರಡರಲ್ಲಿ ಕಥೆಗೆ ಬೇಕಾದದ್ದು ಯಾವುದು? ಅದು ಗೊತ್ತಿರುವವನಿಗೇ ಸಿನಿಮಾ, ಜಾಹೀರಾತಿನವರು ದುಡ್ಡು ಕೊಡುವುದು. ಸುಮ್ನೆ ಹಾರಿಸುವುದನ್ನು ಯಾರು ಬೇಕಾದರೂ ಕಲಿಯಬಹುದು ಬಿಡಿ.

ಮೊದಲು ಕಾಗದಪತ್ರ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಭಾರದ್ದನ್ನು ದುಡಿಮೆಗೆ ಹಾರಿಸುವುದಾದರೆ ಬೇಕೇ ಬೇಕು. 18 ವರ್ಷ ತುಂಬಿರಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು, ವಿಮಾನಯಾನದ ಉಸ್ತುವಾರಿ ನೋಡುವ ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. ಸಿಕ್ಕಿದ ಪ್ರಮಾಣಪತ್ರ 10 ವರ್ಷ ನಡೆಯುತ್ತದೆ. ಡ್ರೋನ್‌ನ ನೋಂದಣಿ, ವಿಮೆ ಬೇರೆ.

ಆಮೇಲೆ ನಕ್ಷೆ, ಎಲ್ಲಿ ಹಾರಿಸಬಹುದು ಎಲ್ಲಿ ಬೇಡ ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರಿ ನಕ್ಷೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ನೋಡಿ: ಕಾರವಾರದ ಪಕ್ಕ ಅರ್ಗಾದಲ್ಲಿ ನೌಕಾನೆಲೆ, ಒಳಗೆ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ. ಅಲ್ಲೆಲ್ಲ ‘ಒಂದೇ ಶಾಟ್ ಸಾರ್’ ಅನ್ನುವ ಮಾತೇ ಇಲ್ಲ. ಯಾಣದಂಥ ಜಾಗಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಲೊಕೇಶನ್ ಗೊತ್ತುಮಾಡುವ ಮೊದಲೇ ಇದನ್ನೆಲ್ಲ ಹೇಳುವವನನ್ನು ಪ್ರೊಡಕ್ಷನ್ ಮ್ಯಾನೇಜರ್ ಮತ್ತೆ ಕರೆಯುತ್ತಾನೆ.

ಇನ್ನು ಕ್ಯಾಮೆರಾ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗ ತೆರೆದಿದ್ದರೆ ಚಲನೆ ಕಣ್ಣಿಗೆ ಹಿತ. ಮಧ್ಯಾಹ್ನದ ಕಡಲ ಮೇಲೆ ಹಾಗಿಟ್ಟರೆ ಚಿತ್ರವೆಲ್ಲ ಬೆಳ್ಳಗೆ. ಅದಕ್ಕೇ ಎನ್‌ಡಿ ಫಿಲ್ಟರ್, ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸ್ ಅನ್ನಿ. ದೊಡ್ಡ ಸೆಟ್‌ನಲ್ಲಿ ಹಾರಿಸುವವನೊಬ್ಬ, ಕ್ಯಾಮೆರಾ ತಿರುಗಿಸುವವನೊಬ್ಬ. ಎರಡೂ ಕಲಿತಿರಿ. ಶಿರಸಿ ಕಡೆಯವರಿಗೆ ಅಭ್ಯಾಸಕ್ಕೆ ಅಡಿಕೆ ತೋಟ ಇದ್ದೇ ಇದೆ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ದೂರದಿಂದ, ಕಡಿಯದೆ 20 ಸೆಕೆಂಡ್ ತೆಗೆದು ನೋಡಿ. ಕೈ ನಡುಗಿದ್ದು ಗೊತ್ತಾಗುತ್ತದೆ!

ಕಡಲಿನದು ಬೇರೆಯೇ ಪಾಠ. ಒಮ್ಮೆ ದೋಣಿಯಿಂದ ಡ್ರೋನ್ ಎಬ್ಬಿಸಿದ್ದೆ. ಬ್ಯಾಟರಿ ಇಳಿಯಿತು, ವಾಪಸ್ ಬರುವ ಗುಂಡಿ ಒತ್ತಿದೆ. ಬಂತು. ದೋಣಿಗಲ್ಲ, ಮೊದಲು ಹೊರಟಿದ್ದ ಜಾಗಕ್ಕೆ. ಅಲ್ಲಿ ಬರೀ ನೀರು. ನಾವು ಅಷ್ಟರಲ್ಲಿ ತೇಲಿಕೊಂಡು ಎಲ್ಲಿಗೋ ಹೋಗಿದ್ದೆವು. ದೋಣಿಯ ಅಣ್ಣ ಬೀಡಿ ತೆಗೆದು ಕೇಳಿದ: “ದೋಣಿ ಅಂದ್ರೆ ಗೂಟಕ್ಕೆ ಕಟ್ಟಿದ ಎಮ್ಮೆಯೇನೋ ತಮಾ?” ತಿರುಗಿಸಿಕೊಂಡು ಹೋಗುವಷ್ಟರಲ್ಲಿ ಗುಳುಂ.

ಈಗ ದೋಣಿ ಹತ್ತಿದರೆ ಹೋಮ್ ಪಾಯಿಂಟ್, ಅಂದರೆ ಡ್ರೋನ್ ತಾನಾಗಿ ವಾಪಸ್ ಬರುವ ಜಾಗ, ಆಗಾಗ ಬದಲಿಸುತ್ತೇನೆ, ಅರ್ಧ ಬ್ಯಾಟರಿ ಇರುವಾಗಲೇ ಕೈಯಾರೆ ವಾಪಸ್ ತರುತ್ತೇನೆ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹೋಗುವಾಗ ಸಲೀಸು, ಬರುವಾಗ ಎದುರುಗಾಳಿ, ಬ್ಯಾಟರಿ ಜಾಸ್ತಿ ತಿನ್ನುತ್ತದೆ.

ಕೆಲಸ ಶುರುವಾಗುವುದು ಮದುವೆ, ಹೋಂಸ್ಟೇ ವಿಡಿಯೊದಿಂದಲೇ. ನಾಚಿಕೆ ಬೇಡ. ಒಳ್ಳೆಯ ಶಾಟ್‌ಗಳನ್ನಷ್ಟೇ ಸೇರಿಸಿ ಒಂದೂವರೆ ನಿಮಿಷದ ಶೋರೀಲ್ ಮಾಡಿ, ಬೆಂಗಳೂರಿನ ಛಾಯಾಗ್ರಾಹಕರಿಗೆ ತೋರಿಸಿ, ಸಹಾಯಕರಾಗಿ ಸೇರಿ. ದಿನದ ಬಾಡಿಗೆ ಮಾತಾಡುವಾಗ ಡ್ರೋನ್ ನೀರಿಗೆ ಬಿದ್ದರೆ ಯಾರ ಖರ್ಚು ಅಂತ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ.