ಸೆಸ್ನಾ 172ರಲ್ಲಿ ಐಪ್ಯಾಡ್: ನಾನು ಜೋಡಿಸಿಕೊಂಡ ಬಗೆ

ಸೆಸ್ನಾ 172 ಎಂಬ ಸಣ್ಣ ವಿಮಾನ ಹಾರಿಸುವಾಗ ಚಾರ್ಟ್ (ಹಾರಾಟದ ನಕ್ಷೆ) ನೋಡಲು, ತೂಕ, ಇಂಧನದ ಲೆಕ್ಕ ಹಾಕಲು ನಾನು ಐಪ್ಯಾಡ್ ಬಳಸುತ್ತೇನೆ. ಅದರಲ್ಲಿ ತಪ್ಪು ಅಂಗಡಿಯಲ್ಲೇ ಶುರುವಾಗುತ್ತದೆ. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ. ಸೆಲ್ಯುಲರ್ ಮಾದರಿಯಲ್ಲಿ ಇರುತ್ತದೆ, ಸಿಮ್ ಹಾಕದಿದ್ದರೂ ಕೆಲಸ ಮಾಡುತ್ತದೆ. ವೈಫೈ ಮಾದರಿ ಈಗಾಗಲೇ ಕೈಯಲ್ಲಿದ್ದರೆ ಬ್ಲೂಟೂತ್ ಜಿಪಿಎಸ್ ರಿಸೀವರ್ ಬೇಕು. ಅಂದರೆ ಚಾರ್ಜ್ ಮಾಡಲು ಮರೆಯಬಹುದಾದ ವಸ್ತು ಇನ್ನೊಂದು. ನಾನು ಬಳಸುವುದು 8.3 ಇಂಚಿನ ಮಿನಿ. ದೊಡ್ಡದು ಓದಲು ಹಿತ, ಆದರೆ 172ರ ಯೋಕ್‌ಗೆ (ವಿಮಾನ ತಿರುಗಿಸುವ ಹಿಡಿಗೆ) ಕಟ್ಟಿದರೆ ಹಿಂದಿನ ಸ್ವಿಚ್‌ಗಳೂ ಸರ್ಕ್ಯೂಟ್ ಬ್ರೇಕರ್‌ಗಳೂ ಮರೆಯಾಗುತ್ತವೆ.

ವಿಂಡ್‌ಶೀಲ್ಡ್‌ಗೆ ಅಂಟಿಸುವ ಸಕ್ಷನ್ ಕಪ್ ಬಿಸಿಲಿಗೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ, ಅದೂ ಸಾಮಾನ್ಯವಾಗಿ ಕೈ ಬಿಡುವಿಲ್ಲದ ಹೊತ್ತಿನಲ್ಲೇ. ಹಾಗಾಗಿ ನನ್ನದು ತೊಡೆಗೆ ಕಟ್ಟುವ ನೀಬೋರ್ಡ್. ಕಟ್ಟಿಕೊಂಡ ಮೇಲೆ ಸೀಟನ್ನು ಹಾರುವ ಜಾಗಕ್ಕೆ ತಂದು, ಬೆಲ್ಟ್ ಹಾಕಿ, ಯೋಕನ್ನು ಪೂರ್ತಿ ಹಿಂದಕ್ಕೆಳೆದು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡುತ್ತೇನೆ. ಎಲ್ಲಾದರೂ ತಾಗಿದರೆ ಬೋರ್ಡನ್ನು ಮೊಣಕಾಲಿನತ್ತ ಸರಿಸಬೇಕು. ಮೋಡದೊಳಗೆ ಹಾರುವವರಿಗೆ ನೀಬೋರ್ಡ್ ಬೇಡ ಎನ್ನುತ್ತೇನೆ: ತಲೆ ಬಗ್ಗಿಸಿ, ಎತ್ತಿ, ಮತ್ತೆ ಬಗ್ಗಿಸುವುದರಲ್ಲಿ ಒಳಗಿವಿ ಮೋಸ ಮಾಡುತ್ತದೆ, ನೇರವಾಗಿದ್ದ ವಿಮಾನ ವಾಲಿದಂತೆ ಅನಿಸುತ್ತದೆ. ಇನ್ನು ಐಪ್ಯಾಡ್‌ನಲ್ಲೂ ಅದರ ಕವರ್‌ನಲ್ಲೂ ಅಯಸ್ಕಾಂತಗಳಿವೆ. ನೆಲದಲ್ಲೇ ಕಂಪಾಸ್ ಹತ್ತಿರ ಒಮ್ಮೆ ಹಿಡಿದು ನೋಡಿ, ಅದರ ದಿಕ್ಕು ತೋರಿಸುವ ಕಾರ್ಡ್ ಎಷ್ಟು ತಿರುಗುತ್ತದೆಂದು ಗೊತ್ತಾದರೆ ಮತ್ತೆ ಡ್ಯಾಶ್‌ಬೋರ್ಡ್ ಮೇಲೆ ಇಡಲು ಮನಸ್ಸು ಬರುವುದಿಲ್ಲ.

ಚಾರ್ಜರ್ ವಿಷಯದಲ್ಲಿ ಜಿಪುಣತನ ಬೇಡ. ಹಳೆಯ 172ಗಳದು 14 ವೋಲ್ಟ್ ವ್ಯವಸ್ಥೆ, ಹೊಸ ಮಾದರಿಯಾದ 172ಎಸ್‌ನದು 28 ವೋಲ್ಟ್. ಕೆಲವದರಲ್ಲಿ ಸಾಕೆಟ್‌ಗೆ ಮಾತ್ರ 12ಕ್ಕೆ ಇಳಿಸಿರುತ್ತಾರೆ, ಪಕ್ಕದ ಸೂಚನಾ ಫಲಕ ಓದಿಯೇ ಚುಚ್ಚಬೇಕು. ಕಾರಿಗೆಂದು ಮಾಡಿದ ಅಗ್ಗದ ಚಾರ್ಜರ್ 28 ವೋಲ್ಟ್‌ಗೆ ಸುಟ್ಟುಹೋಗಬಹುದು. ಸುಡದೆ ಉಳಿದರೂ ಅದರೊಳಗಿನ ಸ್ವಿಚಿಂಗ್ ಸರ್ಕ್ಯೂಟ್ ನಾವು ಟವರ್ ಜೊತೆ ಮಾತಾಡುವ ವಿಎಚ್ಎಫ್ ರೇಡಿಯೊಗೆ ಗೊರಗೊರ ಸದ್ದು ತುಂಬುತ್ತದೆ. ನನ್ನ ಪರೀಕ್ಷೆ ಇಷ್ಟೇ: ರೇಡಿಯೊ ಆನ್ ಮಾಡಿ, ಬಳಸುವ ಫ್ರೀಕ್ವೆನ್ಸಿಗಳಿಗೆ ಒಂದೊಂದಾಗಿ ಹೋಗಿ, ಪ್ರತಿಯೊಂದರಲ್ಲೂ ಚಾರ್ಜರ್ ಚುಚ್ಚಿ, ತೆಗೆದು ಕೇಳುವುದು. ಚುಚ್ಚಿದಾಗ ಸ್ಕ್ವೆಲ್ಚ್ (ಮಾತಿಲ್ಲದಾಗ ರೇಡಿಯೊ ಸದ್ದು ತಡೆಯುವ ವ್ಯವಸ್ಥೆ) ತೆರೆದುಕೊಂಡರೆ ಆ ಚಾರ್ಜರ್ ಮನೆಗೆ. ಒಂದು ಫ್ರೀಕ್ವೆನ್ಸಿಯಲ್ಲಿ ಸುಮ್ಮನಿದ್ದದ್ದು ಇನ್ನೊಂದರಲ್ಲಿ ಕಿರುಚುವುದುಂಟು.

ಬಿಸಿ. ಐಪ್ಯಾಡ್‌ಗೆ ಆ್ಯಪಲ್ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಕಲಬುರಗಿಯ ಏಪ್ರಿಲ್‌ನಲ್ಲಿ ನೆರಳೇ 40 ದಾಟುತ್ತದೆ. ಮೊದಲು ಚಾರ್ಜಿಂಗ್ ನಿಲ್ಲುತ್ತದೆ, ಪರದೆ ಮಂಕಾಗುತ್ತದೆ, ಆಮೇಲೆ ಥರ್ಮಾಮೀಟರ್ ಚಿತ್ರ ತೋರಿಸಿ ಮುಚ್ಚಿಕೊಳ್ಳುತ್ತದೆ. ಮಂಕಾದಾಗಲೇ ಕವರ್ ಬಿಚ್ಚಿ, ಚಾರ್ಜರ್ ಕಿತ್ತು, ನೆರಳಿಗೆ ತಂದು ಗಾಳಿ ಬಿಡಬೇಕು. ನಾನು ಹೊರಡುವ ಮುಂಚೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು, ಹಾರಾಟದಲ್ಲಿ ಅಗತ್ಯ ಬಿದ್ದರೆ ಮಾತ್ರ ಚುಚ್ಚುತ್ತೇನೆ, ಏಕೆಂದರೆ ಚಾರ್ಜಿಂಗೇ ಅರ್ಧ ಬಿಸಿ. ಪೋಲರೈಸ್ಡ್ ಕನ್ನಡಕ ಹಾಕಿದವರಿಗೆ ಕೆಲವು ಕೋನಗಳಲ್ಲಿ ಪರದೆ ಕಪ್ಪಾಗಿ ಕಾಣುತ್ತದೆ, ಅದನ್ನು ಕೆಟ್ಟಿದೆ ಎಂದುಕೊಳ್ಳಬೇಡಿ.

ಚಾರ್ಟ್‌ಗಳನ್ನು ಹೊಸದಾಗಿಸುವ ಎಐಆರ್‌ಎಸಿ ಎಂಬ ಅಂತಾರಾಷ್ಟ್ರೀಯ ಆವರ್ತ 28 ದಿನಗಳದು. ಗುರುವಾರ 0000 ಯುಟಿಸಿಗೆ, ಅಂದರೆ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30ಕ್ಕೆ ಹೊಸದು ಜಾರಿ. ಏರ್‌ಪೋರ್ಟ್ ಅಥಾರಿಟಿಯ ಇಎಐಪಿಯಿಂದ (ಅಂತರ್ಜಾಲದಲ್ಲಿರುವ ವೈಮಾನಿಕ ಮಾಹಿತಿ ಕೈಪಿಡಿಯಿಂದ) ಇಳಿಸಿಕೊಂಡ ಪಿಡಿಎಫ್ ಓದಲು ಸಾಕು, ಆದರೆ ಅದರ ಮೇಲೆ ನಮ್ಮ ವಿಮಾನದ ಗುರುತು ಓಡುವುದಿಲ್ಲ. ಹಿಂದಿನ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದು, ಬೇಕಾದ ಪ್ರತಿ ಚಾರ್ಟನ್ನೂ ಒಮ್ಮೆ ತೆಗೆದು ನೋಡುತ್ತೇನೆ. ಮನೆಯ ವೈಫೈಯಲ್ಲಿ ಎಲ್ಲವೂ ಕಾಣಿಸುತ್ತದೆ. ಇಳಿಸಿಕೊಂಡಿರದ ಪುಟ ಬಿಳಿಯಾಗಿ ನಿಲ್ಲುವುದು ಆಕಾಶದಲ್ಲಿ. ಸಾಫ್ಟ್‌ವೇರ್ ತಾನಾಗಿ ಅಪ್‌ಡೇಟ್ ಆಗುವುದನ್ನೂ, ಬಳಸದ ಆ್ಯಪ್‌ಗಳನ್ನು ತಾನಾಗಿ ತೆಗೆಯುವುದನ್ನೂ ಆಫ್ ಮಾಡಿದ್ದೇನೆ. ಆಟೊ ಲಾಕ್ ನೆವರ್, ನೋಟಿಫಿಕೇಶನ್ ಬಂದ್.

ತೂಕ ಮತ್ತು ಇಂಧನದ ಲೆಕ್ಕ ಹಾಕುವ ಆ್ಯಪ್‌ಗೆ ನಾನು ಹೆಚ್ಚು ಹೆದರುತ್ತೇನೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್ 407ರ ಸಿಬ್ಬಂದಿ ಲ್ಯಾಪ್‌ಟಾಪ್‌ಗೆ ವಿಮಾನದ ತೂಕವನ್ನು 362.9 ಟನ್ ಬದಲು 262.9 ಎಂದು ಹಾಕಿದ್ದರು. ವಿಮಾನ ಬಾಲ ಉಜ್ಜಿಕೊಂಡು, ರನ್‌ವೇ ಕೊನೆ ದಾಟಿದ ಮೇಲೆ ಎದ್ದಿತು. ನಮ್ಮ ಸಣ್ಣ ವಿಮಾನದಲ್ಲಿ ಎಡವುವುದು ಲೀಟರ್ ಮತ್ತು ಗ್ಯಾಲನ್ ನಡುವೆ: ಬೌಸರ್ (ಇಂಧನ ತುಂಬುವ ಲಾರಿ) ಕೊಡುವುದು ಲೀಟರ್, ಆ್ಯಪ್ ಕೇಳುವುದು ಅಮೆರಿಕದ ಗ್ಯಾಲನ್. 100 ಎಂದು ಹಾಕಿದರೆ ಆ್ಯಪ್ ಕೂಗುತ್ತದೆ, ಏಕೆಂದರೆ 172ಎಸ್ ಟ್ಯಾಂಕಿಗೆ ಹಿಡಿಯುವುದೇ 56. ಆದರೆ 40 ಸದ್ದಿಲ್ಲದೆ ನುಸುಳುತ್ತದೆ. 40 ಲೀಟರ್ ಎಂದರೆ 10.6 ಗ್ಯಾಲನ್, ಗಂಟೆಗೆ 9ರಂತೆ 1 ಗಂಟೆ 10 ನಿಮಿಷ. ಆ್ಯಪ್ ತೋರಿಸುವುದು ಸುಮಾರು 4 ಗಂಟೆ 27 ನಿಮಿಷ! ಅದಕ್ಕೇ ಟ್ಯಾಂಕಿಗೆ ಡಿಪ್‌ಸ್ಟಿಕ್ (ಅಳತೆ ಕೋಲು) ಮುಳುಗಿಸಿ ಕಂಡ ಅಂಕಿಯನ್ನು ಮೊದಲು ಕಾಗದದಲ್ಲಿ ಬರೆದು, ಆಮೇಲೆ ಪರದೆ ಮುಟ್ಟುತ್ತೇನೆ.

ಜೊತೆಗೆ ಫೋನಿನಲ್ಲಿ ಅದೇ ಪಿಡಿಎಫ್‌ಗಳು, ಮತ್ತು ಹೊರಡುವ, ಇಳಿಯುವ, ಬದಲಿ ನಿಲ್ದಾಣಗಳ ತಲಾ ಒಂದು ಅಚ್ಚು ಹಾಳೆ. ಏರ್‌ಲೈನ್‌ಗಳಲ್ಲಿ ಕಾಗದ ಬಿಡಲು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು. ನಾನಂತೂ ಆ ಮೂರು ಹಾಳೆ ಬಿಡುವುದಿಲ್ಲ. ಇಳಿದ ಮೇಲೆ ಟ್ಯಾಬ್ಲೆಟ್ಟನ್ನು ಸೀಟಿನ ಸಂದಿಗೆ ಜಾರಲು ಬಿಡಬಾರದು, ಸೀಟ್ ಹಳಿಗೆ ಸಿಕ್ಕಿ ನಜ್ಜುಗುಜ್ಜಾದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ತಿಂಗಳಿಗೊಮ್ಮೆ ಸಮತಟ್ಟಾದ ಮೇಜಿನ ಮೇಲೆ ಇಟ್ಟು ಮೂಲೆ ಒತ್ತಿ ನೋಡುತ್ತೇನೆ. ಅಲುಗಾಡಿದರೆ ಬ್ಯಾಟರಿ ಉಬ್ಬುತ್ತಿರಬಹುದು, ಅದು ಮತ್ತೆ ವಿಮಾನ ಹತ್ತುವುದಿಲ್ಲ.