ಓಪನ್‌ಸಿವಿ ಇನ್‌ಸ್ಟಾಲ್ ಮಾಡೋದು ಹೇಗೆ: ಒಂದೇ ಪೈಥಾನ್, ಒಂದೇ ಪ್ಯಾಕೇಜ್

ಪೈಥಾನ್‌ನಲ್ಲಿ ಫೋಟೊ, ವಿಡಿಯೊ ಇಟ್ಟುಕೊಂಡು ಏನೇ ಮಾಡಬೇಕು ಅಂದರೂ, ಅದು ಮುಖ ಪತ್ತೆ ಮಾಡೋದಿರಲಿ, ಸೊಟ್ಟಗೆ ಸ್ಕ್ಯಾನ್ ಆದ ಪುಟ ನೆಟ್ಟಗೆ ಮಾಡೋದಿರಲಿ, ಮೊದಲು ಕೈ ಹಾಕೋದು ಓಪನ್‌ಸಿವಿಗೆ. 1999ರಲ್ಲಿ ಇಂಟೆಲ್‌ನಲ್ಲಿ ಶುರುವಾದ ಲೈಬ್ರರಿ ಇದು, ಅಂದರೆ ರೆಡಿ ಇರುವ ಕೋಡ್‌ನ ಸಂಗ್ರಹ. 4.5.0 ಆವೃತ್ತಿಯಿಂದ ಅಪಾಚೆ 2 ಲೈಸೆನ್ಸ್‌ನಲ್ಲಿದೆ, ಹಾಗಾಗಿ ಕಾಲೇಜು ಪ್ರಾಜೆಕ್ಟ್‌ಗೂ ಬಳಸಬಹುದು, ಮಾರುವ ಸಾಫ್ಟ್‌ವೇರ್‌ಗೂ ಬಳಸಬಹುದು.

ಇನ್‌ಸ್ಟಾಲ್ ಮಾಡೋದು ಒಂದೇ ಸಾಲಿನ ಕೆಲಸ. ಆದರೂ ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಾರಣ ಹೆಚ್ಚಾಗಿ ಎರಡೇ. ಒಂದೋ ಲೈಬ್ರರಿ ಹೋಗಿ ಕೂತಿದ್ದು ಒಂದು ಪೈಥಾನ್‌ನಲ್ಲಿ, ಕೋಡ್ ಓಡ್ತಾ ಇರೋದು ಇನ್ನೊಂದರಲ್ಲಿ. ಇಲ್ಲಾಂದ್ರೆ ಒಂದೇ ಲೈಬ್ರರಿಯ ಎರಡು ಮೂರು ಪ್ಯಾಕೇಜ್ ಒಂದರ ಮೇಲೊಂದು ಬಿದ್ದಿರುತ್ತವೆ. ಇವೆರಡನ್ನು ಮೊದಲೇ ತಪ್ಪಿಸಿದರೆ ಉಳಿದದ್ದು ಸುಲಭ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ಮುಂದೆ ಕೋಡ್‌ನಲ್ಲಿ ಬರುವ ವೇಟ್‌ಕೀಯ ಕೆ, ಸಿವಿಟಿಕಲರ್‌ನಲ್ಲಿ ಕಲರ್‌ನ ಸಿ, ಪುಟ್‌ಟೆಕ್ಸ್ಟ್‌ನಲ್ಲಿ ಟೆಕ್ಸ್ಟ್‌ನ ಮೊದಲ ಟಿ, ನನ್‌ನ ಮೊದಲ ಎನ್ ಮಾತ್ರ ದೊಡ್ಡ ಅಕ್ಷರ.

ಮೊದಲು ಪ್ರಾಜೆಕ್ಟ್‌ಗೆ ಒಂದು ಫೋಲ್ಡರ್ ಮಾಡಿ. ಟರ್ಮಿನಲ್‌ನಲ್ಲಿ ಅದರೊಳಗೆ ಹೋಗಿ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಈ ಪ್ರಾಜೆಕ್ಟ್‌ಗೆ ಮಾತ್ರ ಸೇರಿದ ಬೇರೆ ಪೈಥಾನ್ ಜಾಗ, ಮಾಡಿಕೊಳ್ಳಿ:

ಪೈಥಾನ್ -ಎಂ ವೆನ್ವ್ ವೆನ್ವ್

ಇಲ್ಲಿ ವೆನ್ವ್ ಅಂದರೆ ವಿ, ಇ, ಎನ್, ವಿ. ಮೊದಲನೆಯದು ಪೈಥಾನ್‌ನ ಮಾಡ್ಯೂಲ್, ಎರಡನೆಯದು ನೀವು ಇಡುವ ಫೋಲ್ಡರ್ ಹೆಸರು. ಲಿನಕ್ಸ್, ಮ್ಯಾಕ್‌ನಲ್ಲಿ ಪೈಥಾನ್ ಬದಲು ಪೈಥಾನ್3 ಅಂತ ಬೇಕಾಗಬಹುದು. ಉಬುಂಟು, ಡೆಬಿಯನ್‌ನಲ್ಲಿ ಪೈಥಾನ್3-ವೆನ್ವ್ ಅನ್ನೋ ಪ್ಯಾಕೇಜನ್ನು ಮೊದಲು ಆಪ್ಟ್ ಅನ್ನೋ ಅವುಗಳ ಇನ್‌ಸ್ಟಾಲ್ ಕಮಾಂಡ್‌ನಿಂದ ಹಾಕಬೇಕಾಗುತ್ತದೆ.

ಆಮೇಲೆ ಅದನ್ನು ಆನ್ ಮಾಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಆದರೆ ವೆನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ ಆಕ್ಟಿವೇಟ್ ಓಡಿಸಿದರೆ ಸಾಕು. ಲಿನಕ್ಸ್, ಮ್ಯಾಕ್‌ನಲ್ಲಿ ಅದು ಬಿನ್ ಫೋಲ್ಡರ್‌ನಲ್ಲಿರುತ್ತದೆ, ಮುಂದೆ ಸೋರ್ಸ್ ಅಂತ ಸೇರಿಸಬೇಕು. ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಅಂತ ಕೆಂಪಕ್ಷರ ಬಂದರೆ ಗಾಬರಿ ಬೇಡ, ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲೇ ಮಾಡಿ. ಸಾಲಿನ ಶುರುವಿನಲ್ಲಿ ಬ್ರ್ಯಾಕೆಟ್‌ನೊಳಗೆ ವೆನ್ವ್ ಅಂತ ಕಾಣಿಸಿದರೆ ಆನ್ ಆಗಿದೆ ಅಂತ ಅರ್ಥ. ಹೊಸ ಟರ್ಮಿನಲ್ ತೆರೆದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಇಷ್ಟೆಲ್ಲ ಯಾಕೆ, ನೇರವಾಗಿ ಹಾಕಿದರಾಗಲ್ವಾ ಅಂತ ಅನ್ನಿಸಬಹುದು. ಡೆಬಿಯನ್ 12, ಉಬುಂಟು 23.04ರಿಂದ ಈಚೆಗೆ ಸಿಸ್ಟಂ ಪೈಥಾನ್‌ಗೆ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಸಾಧನ) ಏನೂ ಹಾಕಲು ಬಿಡುವುದಿಲ್ಲ, ಇದನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ ಅಂತ ಎರರ್ ಕೊಡುತ್ತದೆ. ಅದನ್ನು ದಾಟಿ ಹೋಗಲು 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಅಂತ ಒಂದು ಆಯ್ಕೆ ಇದೆ. ದಯವಿಟ್ಟು ಅದನ್ನು ಬಳಸಬೇಡಿ. ನಿಮ್ಮ ಕಂಪ್ಯೂಟರ್‌ನ ಎಷ್ಟೋ ಕೆಲಸ ಆ ಪೈಥಾನ್ ಮೇಲೆಯೇ ನಿಂತಿದೆ.

ಈಗ ಮುಖ್ಯವಾದ ವಿಷಯ. ಪಿಪ್‌ನಲ್ಲಿ ಓಪನ್‌ಸಿವಿಗೆ ನಾಲ್ಕು ಪ್ಯಾಕೇಜ್ ಇವೆ. ಓಪನ್‌ಸಿವಿ-ಪೈಥಾನ್ ಮಾಮೂಲಿದು. ಓಪನ್‌ಸಿವಿ-ಕಾಂಟ್ರಿಬ್-ಪೈಥಾನ್ ಅಂದರೆ ಮಾಮೂಲಿ ಭಾಗದ ಜೊತೆ ಹೆಚ್ಚುವರಿ ಮಾಡ್ಯೂಲ್‌ಗಳೂ ಇರುವುದು. ಈ ಎರಡಕ್ಕೂ ಕೊನೆಯಲ್ಲಿ ಹೆಡ್‌ಲೆಸ್ ಅಂತ ಸೇರಿಸಿದ ಒಂದೊಂದು ಜೋಡಿ ಇದೆ, ಅವುಗಳಲ್ಲಿ ವಿಂಡೋ ತೆರೆದು ಚಿತ್ರ ತೋರಿಸುವ ಭಾಗ ಇರುವುದಿಲ್ಲ. ಈ ನಾಲ್ಕೂ ಸಿವಿ2 ಅನ್ನೋ ಒಂದೇ ಹೆಸರಿನ ಜಾಗದಲ್ಲಿ ಬಂದು ಕೂರುತ್ತವೆ, ಹಾಗಾಗಿ ಒಂದನ್ನು ಮಾತ್ರ ಹಾಕಬೇಕು. ಎರಡು ಹಾಕಿದರೆ ಪಿಪ್ ತಡೆಯುವುದಿಲ್ಲ, ಒಂದರ ಫೈಲ್ ಮೇಲೆ ಇನ್ನೊಂದರ ಫೈಲ್ ಬೀಳುತ್ತದೆ. ಆಮೇಲೆ ನಿನ್ನೆ ಓಡಿದ ಕೋಡ್ ಇವತ್ತು ಯಾಕೆ ಓಡ್ತಿಲ್ಲ ಅಂತ ಹುಡುಕುತ್ತಾ ಕೂರಬೇಕು. ಈಗಾಗಲೇ ಹಾಗಾಗಿದ್ದರೆ ನಾಲ್ಕನ್ನೂ ಅನ್‌ಇನ್‌ಸ್ಟಾಲ್ ಮಾಡಿ ಬೇಕಾದ ಒಂದನ್ನು ಮತ್ತೆ ಹಾಕಿ, ಬೇರೆ ಸರ್ಕಸ್ ಬೇಡ.

ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಕಲಿಯೋದಾದರೆ ಮಾಮೂಲಿದು ಸಾಕು. ಸರ್ವರ್ ಅಥವಾ ಡಾಕರ್ ಆದರೆ ಹೆಡ್‌ಲೆಸ್ ಹಾಕಿ. ಅಲ್ಲಿ ಮಾಮೂಲಿದನ್ನು ಹಾಕಿದರೆ ಲಿಬ್‌ಜಿಎಲ್ ಫೈಲ್ ಸಿಗಲಿಲ್ಲ ಅನ್ನೋ ಎರರ್ ಬರೋದು ತೀರಾ ಸಾಮಾನ್ಯ.

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ಅಪ್‌ಗ್ರೇಡ್ ಪಿಪ್
ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಓಪನ್‌ಸಿವಿ-ಪೈಥಾನ್

ಮೊದಲ ಸಾಲನ್ನು ಬಿಡಬೇಡಿ. ಪಿಪ್ ತುಂಬಾ ಹಳೆಯದಾದರೆ ರೆಡಿ ಇರುವ ಫೈಲ್ ಅದಕ್ಕೆ ಕಾಣಿಸದೆ, ಇಡೀ ಲೈಬ್ರರಿಯನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಅದು ಬೇಗ ಮುಗಿಯುವ ಕೆಲಸ ಅಲ್ಲ, ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಸಂಖ್ಯೆಗಳ ಪಟ್ಟಿಗಳನ್ನು (ಅರೇ) ನೋಡಿಕೊಳ್ಳುವ ನಮ್‌ಪೈ ಅನ್ನೋ ಲೈಬ್ರರಿಯೂ ಬೇಕು, ಅದು ತಾನಾಗಿ ಜೊತೆಗೇ ಬರುತ್ತದೆ. ಸುಮ್ನೆ ಪಿಪ್ ಅನ್ನದೆ 'ಪೈಥಾನ್ -ಎಂ ಪಿಪ್' ಅಂತ ಬರೆಯೋದರಿಂದ ಈಗ ಓಡುತ್ತಿರುವ ಪೈಥಾನ್‌ಗೇ ಲೈಬ್ರರಿ ಹೋಗುತ್ತದೆ.

ಹಾಕಿದ ಮೇಲೆ ಪೈಥಾನ್ ತೆರೆದು 'ಇಂಪೋರ್ಟ್ ಸಿವಿ2' ಬರೆಯಿರಿ. ಇಂಪೋರ್ಟ್ ಓಪನ್‌ಸಿವಿ ಅಲ್ಲ, ಗಮನವಿರಲಿ. ಮಾಡ್ಯೂಲ್ ಸಿಗಲಿಲ್ಲ ಅಂತ ಬಂದರೆ ಸಿಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ ಅದರ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ ನೋಡಿ. ಯಾವ ಪೈಥಾನ್ ಓಡುತ್ತಿದೆ ಅನ್ನೋದು ಪೂರ್ತಿ ದಾರಿಯ ಸಮೇತ ಗೊತ್ತಾಗುತ್ತದೆ. ಅದರಲ್ಲಿ ನಿಮ್ಮ ವೆನ್ವ್ ಫೋಲ್ಡರ್ ಹೆಸರು ಇಲ್ಲದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ವಿಎಸ್ ಕೋಡ್ ಬಳಸುವವರು ಸೆಲೆಕ್ಟ್ ಇಂಟರ್‌ಪ್ರಿಟರ್‌ಗೆ ಹೋಗಿ ವೆನ್ವ್ ಆರಿಸಿಕೊಳ್ಳಿ. ಇನ್ನೊಂದು ಮಾತು, ನಿಮ್ಮ ಫೈಲ್‌ಗೆ ಸಿವಿ2 ಅಂತಲೇ ಹೆಸರಿಡಬೇಡಿ. ಪೈಥಾನ್ ಲೈಬ್ರರಿ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ.

ಇನ್ನು ಮೊದಲ ಚಿತ್ರ. ಐಎಂರೀಡ್‌ಗೆ ಫೈಲ್ ಹೆಸರು ಕೊಟ್ಟು ಓದಿಸಿ, ಐಎಂಶೋದಿಂದ ತೋರಿಸಿ, ಕೊನೆಗೆ ವೇಟ್‌ಕೀ ಸೊನ್ನೆ. ವೇಟ್‌ಕೀ ಇಲ್ಲದಿದ್ದರೆ ಚಿತ್ರ ಕಾಣುವ ಮೊದಲೇ ಪ್ರೋಗ್ರಾಂ ಮುಗಿದಿರುತ್ತದೆ. ಐಎಂರೀಡ್‌ಗೆ ಫೈಲ್ ಸಿಗದಿದ್ದರೆ ಅದು ಅಲ್ಲೇ ಎರರ್ ಕೊಟ್ಟು ನಿಲ್ಲಿಸುವುದಿಲ್ಲ, ನನ್ ಅಂತ, ಅಂದರೆ ಏನೂ ಇಲ್ಲ ಅಂತ, ಕೊಟ್ಟು ಮುಂದೆ ಹೋಗುತ್ತದೆ. ಎರರ್ ಬರೋದು ಆಮೇಲೆ, ಬೇರೆ ಯಾವುದೋ ಸಾಲಿನಲ್ಲಿ, 'ಅಸರ್ಷನ್ ಫೇಲ್ಡ್' ಅಂತ. ಆಗ ಆ ಸಾಲನ್ನು ತಿದ್ದುತ್ತಾ ಕೂರಬೇಡಿ, ಮೊದಲು ಫೈಲ್ ದಾರಿ ನೋಡಿ. ಐಎಂರೀಡ್ ಆದ ತಕ್ಷಣ ನನ್ ಬಂತಾ ಅಂತ ಒಂದು ಇಫ್ ಹಾಕುವ ಅಭ್ಯಾಸ ಇಟ್ಟುಕೊಳ್ಳಿ.

ವಿಂಡೋಸ್‌ನಲ್ಲಿ ಕನ್ನಡದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಫೋಲ್ಡರ್ ಅಥವಾ ಫೈಲ್ ಹೆಸರು ಕನ್ನಡದಲ್ಲಿದ್ದರೆ ಐಎಂರೀಡ್ ಅದನ್ನು ಓದದೆ ನನ್ ಕೊಡುತ್ತದೆ, ಫೈಲ್ ಕಣ್ಣೆದುರೇ ಇದ್ದರೂ. ಹೆಸರು ಬದಲಿಸುವ ಹಾಗಿಲ್ಲ ಅಂದರೆ ನಮ್‌ಪೈನ ಫ್ರಮ್‌ಫೈಲ್‌ನಿಂದ ಬೈಟ್‌ಗಳನ್ನು ಓದಿ ಐಎಂಡಿಕೋಡ್‌ಗೆ ಕೊಡಿ, ಕೆಲಸ ಆಗುತ್ತದೆ.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ಓಪನ್‌ಸಿವಿ ನೀಲಿ, ಹಸಿರು, ಕೆಂಪು ಅನ್ನೋ ಕ್ರಮದಲ್ಲಿ ಓದುತ್ತದೆ, ಗ್ರಾಫ್, ಚಿತ್ರ ತೋರಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಗೆ ಕೆಂಪು ಮೊದಲು ಬೇಕು. ಮುಖಗಳು ನೀಲಿಯಾಗಿ ಕಂಡರೆ ಸಿವಿಟಿಕಲರ್ ಬಳಸಿ ಕ್ರಮ ಬದಲಿಸಿ.

ಚಿತ್ರದ ಮೇಲೆ ಕನ್ನಡ ಬರೆಯೋದು ಮಾತ್ರ ಓಪನ್‌ಸಿವಿಯ ಅಕ್ಷರ ಬರೆಯುವ ಫಂಕ್ಷನ್ ಪುಟ್‌ಟೆಕ್ಸ್ಟ್‌ನಿಂದ ಆಗೋದಿಲ್ಲ. ಅದರೊಳಗಿನ ಫಾಂಟ್‌ಗಳಲ್ಲಿ ಕನ್ನಡ ಇಲ್ಲ, ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ. ಅದಕ್ಕೆ ಪಿಲ್ಲೋ ಅನ್ನೋ ಇನ್ನೊಂದು ಚಿತ್ರದ ಲೈಬ್ರರಿ ಹಾಕಿ, ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್ ಫೈಲ್ ಕೊಟ್ಟು ಅದರಲ್ಲಿ ಬರೆಸಿ, ಮತ್ತೆ ನಮ್‌ಪೈ ಅರೇ ಮಾಡಿ ಓಪನ್‌ಸಿವಿಗೆ ವಾಪಸ್ ತನ್ನಿ. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಪಿಲ್ಲೋಗೆ ರಾಕ್ಮ್ (ಆರ್, ಎ, ಕ್ಯೂ, ಎಂ) ಅನ್ನೋ ಲೈಬ್ರರಿಯ ನೆರವು ಬೇಕು. ಪಿಲ್ಲೋನ ಫೀಚರ್ಸ್ ಮಾಡ್ಯೂಲ್‌ನಲ್ಲಿ ಚೆಕ್ ಅಂತ ಒಂದು ಫಂಕ್ಷನ್ ಇದೆ, ಅದಕ್ಕೆ ರಾಕ್ಮ್ ಹೆಸರು ಕೊಟ್ಟು ನೋಡಿ. ಟ್ರೂ ಅಂತ ಬಂದರೆ 'ಅಕ್ಷರ' ಅಂತ ಬರೆಸಿ, ಕ ಕೆಳಗೆ ಷ ಒತ್ತು ಸೇರಿ ಕ್ಷ ಆಗುತ್ತದೆ. ಫಾಲ್ಸ್ ಬಂದರೆ ಕ, ಹಲಂತ, ಷ ಬೇರೆ ಬೇರೆಯಾಗಿ ನಿಂತಿರುತ್ತವೆ.