ಸೋಫಾ ಅಡಿಯ ಹನ್ನೊಂದು ಚಕ್ರಗಳು: ಮಕ್ಕಳ ಆಟದ ಸಾಮಾನು ಕಡಿಮೆ ಮಾಡುವ ಬಗೆ

ಕಳೆದ ತಿಂಗಳು ಒಂದು ಶನಿವಾರ ಸೋಫಾ ಸರಿಸಿ ಕಸ ಗುಡಿಸಿದೆ. ಸಿಕ್ಕಿದ್ದು ಇಷ್ಟು: ಹನ್ನೊಂದು ಪ್ಲಾಸ್ಟಿಕ್ ಚಕ್ರ, ಲೂಡೊದ ಎರಡು ಹಸಿರು ಕಾಯಿ, ಯಾವುದೋ ಗೊಂಬೆಯ ಬಲಗಾಲು, ಕಲ್ಲಿನಂತಾದ ಕ್ಲೇ ಉಂಡೆ, ಬ್ಯಾಟರಿ ಗೂಡಿನ ಮುಚ್ಚಳ. ಆ ಚಕ್ರಗಳಿಗೆ ಹೊಂದುವ ಒಂದು ಕಾರೂ ಮನೆಯಲ್ಲಿ ಇಲ್ಲ. ಎಲ್ಲವನ್ನೂ ಮೊರಕ್ಕೆ ಎಳೆದುಕೊಂಡು ಎಸೆಯಲು ಹೊರಟಾಗ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರು, "ಇರಲಿ ಬಿಡೇ, ಯಾವುದಕ್ಕಾದರೂ ಬೇಕಾದೀತು."

ಮಕ್ಕಳಿರುವ ಮನೆಯ ಅಟ್ಟದಲ್ಲಿ ಅರ್ಧ ಜಾಗ ಹಿಡಿದು ಕೂತಿರುವುದು ಈ 'ಬೇಕಾದೀತು'. ಮಕ್ಕಳ ಬಾಯಲ್ಲಿ ಈ ಮಾತು ಕೇಳುವುದು ಅಪರೂಪ. ಮುರಿದ ನಡೆಗಾಡಿ, ತೊಟ್ಟಿಲಿಗೆ ಕಟ್ಟಿದ್ದ ಗಿಲಕಿ, ಎರಡನೇ ವರ್ಷದ ಹುಟ್ಟುಹಬ್ಬದ ಕಾಗದದ ಕಿರೀಟ, ಇವನ್ನೆಲ್ಲ ಕಟ್ಟಿಟ್ಟವರು ನಾವೇ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದೂ ನಮ್ಮಿಂದ.

ಮೊದಲು ದಿನ ಗೊತ್ತು ಮಾಡಿ

ಪರೀಕ್ಷೆ ಮುಗಿದ ನಂತರದ ವಾರ ಒಂದು, ನವರಾತ್ರಿಗೆ ಮೊದಲು ಮನೆ ಒರೆಸುವ ವಾರ ಇನ್ನೊಂದು. ವರ್ಷಕ್ಕೆ ಎರಡು ಸಲ ಸಾಕು. ಒಂದೇ ದಿನ ಎಲ್ಲವನ್ನೂ ಮುಗಿಸಲು ಹೋಗಬೇಡಿ. ಸಂಜೆ ಆರಕ್ಕೆ ಹಾಲ್ ತುಂಬ ಸಾಮಾನು ಹರಡಿಕೊಂಡು, ಅತ್ತ ಕುಕ್ಕರ್ ಕೂಗುತ್ತಿರುವಾಗ ಎಲ್ಲವನ್ನೂ ಮತ್ತೆ ಅದೇ ಪೆಟ್ಟಿಗೆಗೆ ತುರುಕಿದ ಅನುಭವ ನನಗಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೂವರೆ ಗಂಟೆ, ಒಂದು ದಿನಕ್ಕೆ ಒಂದೇ ಜಾತಿ: ಇಂದು ಗಾಡಿಗಳು, ನಾಳೆ ಗೊಂಬೆಗಳು, ನಾಡಿದ್ದು ಪುಸ್ತಕ.

ಮಗು ಇರಬೇಕೆ, ಇರಬಾರದೆ?

ಮಗು ಶಾಲೆಗೆ ಹೋದಾಗ ಗುಟ್ಟಾಗಿ ಮುಗಿಸಿಬಿಡುವವರೇ ಹೆಚ್ಚು. ನಾನೂ ಅದನ್ನೇ ಮಾಡಿದ್ದೆ. ಮಗಳಿಗೆ ನಾಲ್ಕು ವರ್ಷವಿದ್ದಾಗ, ಒಂದು ಕಣ್ಣು ಹೋಗಿದ್ದ ಬೂದು ಬಣ್ಣದ ಬಟ್ಟೆ ಆನೆಯೊಂದನ್ನು ಹಳೆ ಬಟ್ಟೆಯ ಗಂಟಿನ ಜೊತೆ ಸಾಗಹಾಕಿದೆ. ಮೂರು ವಾರ ಸುದ್ದಿಯಿಲ್ಲ. ಜ್ವರ ಬಂದು ಮಲಗಿದ ರಾತ್ರಿ, "ಅಮ್ಮ, ನನ್ನ ಆನೆ ಎಲ್ಲಿ?" ಎಂದಳು. ಒಗೆದು ಹಾಕಿದ್ದೇನೆ ಎಂದೆ. ಮಳೆಗಾಲವಾದ್ದರಿಂದ ಆ ಸುಳ್ಳು ದಸರೆಯವರೆಗೂ ನಡೆಯಿತು. ಎರಡು ದಿನಕ್ಕೊಮ್ಮೆ ಬಂದು, "ಇನ್ನೂ ಒಣಗಿಲ್ಲವೇ?" ಎಂದು ಕೇಳಿ ಹೋಗುತ್ತಿದ್ದಳು.

ಆಮೇಲೆ ನಾನು ಹಾಕಿಕೊಂಡ ನಿಯಮ ಸರಳ. ಒಡೆದ ಚೂರು, ಚಾಕೊಲೆಟ್ ಜೊತೆ ಬಂದ ಪುಟ್ಟ ಪ್ಲಾಸ್ಟಿಕ್ ಸಾಮಾನು, ಒಣಗಿದ ಸ್ಕೆಚ್ ಪೆನ್ನು, ಇವು ಮಗು ಇಲ್ಲದಾಗ ಹೋಗಲಿ. ಮುಖ ಇರುವಂಥದ್ದು, ಹೆಸರು ಇಟ್ಟಿರುವಂಥದ್ದು ಮಾತ್ರ ಮಗುವನ್ನು ಕೇಳದೆ ಮನೆ ದಾಟಬಾರದು.

'ಬೇಕಾ' ಎಂದು ಕೇಳಬೇಡಿ

ನೆಲಕ್ಕೆ ಹಳೆಯ ಜಮಖಾನ ಹಾಸಿ. ಅಂದಿನ ಜಾತಿಯ ಸಾಮಾನೆಲ್ಲ ಅದರ ಮೇಲೆ ಬರಲಿ, ಮಂಚದ ಕೆಳಗಿನದು, ಕಾರಿನ ಹಿಂಬದಿ ಸೀಟಿನದು, ಅಜ್ಜಿಯ ಕೋಣೆಯದು ಎಲ್ಲ. ಹದಿನೇಳು ಕಾರು ಸಾಲಾಗಿ ನಿಂತದ್ದನ್ನು ನೋಡಿದರೆ ಮಗುವಿಗೇ ಆಶ್ಚರ್ಯವಾಗುತ್ತದೆ.

ಈಗ ಒಂದೊಂದನ್ನೇ ಎತ್ತಿ ಹಿಡಿದು 'ಇದು ಬೇಕಾ' ಎಂದರೆ ಎಲ್ಲದಕ್ಕೂ 'ಬೇಕು' ಎಂಬ ಉತ್ತರ ಖಂಡಿತ. ಪ್ರಶ್ನೆಯನ್ನು ತಿರುಗಿಸಿ: "ಇದರಲ್ಲಿ ನಿನಗೆ ತುಂಬ ಇಷ್ಟವಾದ ಆರು ಕಾರು ಆರಿಸಿಕೋ." ಕೊಡುವುದನ್ನು ಹುಡುಕುವ ಮಗು ಅಳುತ್ತದೆ, ಉಳಿಸಿಕೊಳ್ಳುವುದನ್ನು ಆರಿಸುವ ಮಗು ಯಜಮಾನನಂತೆ ಕೂತು ಆರಿಸುತ್ತದೆ. ಏಳಾದರೆ ಏಳಾಗಲಿ, ಚೌಕಾಸಿ ಬೇಡ.

ಸಂಖ್ಯೆ ಕಡಿಮೆಯಾದರೆ ಮಗುವಿಗೆ ಬೇಸರವಾದೀತು ಎಂಬ ಅಳುಕು ಅಜ್ಜಂದಿರಿಗೆ ಇರುತ್ತದೆ. ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 18ರಿಂದ 30 ತಿಂಗಳಿನ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16 ಆಟಿಕೆಗಳ ನಡುವೆ ಬಿಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಪಾತ್ರೆ ಸ್ಟ್ಯಾಂಡಿನ ಎರಡು ತಟ್ಟೆ, ಒಂದು ಸೌಟು ಹಿಡಿದು ಇಡೀ ಮಧ್ಯಾಹ್ನ ಕಳೆಯುವ ಮಗುವನ್ನು ನೋಡಿದವರಿಗೆ ಇದು ಹೊಸ ಸುದ್ದಿಯೇನಲ್ಲ.

ಮುರಿದದ್ದು, ಸೋರಿದ್ದು, ನುಂಗುವಂಥದ್ದು

ಇದು ಎಲ್ಲಕ್ಕಿಂತ ಎಚ್ಚರ ಬೇಕಾದ ಹಂತ. ಸದ್ದು ಮಾಡುವ, ದೀಪ ಹತ್ತುವ ಪ್ರತಿ ಆಟಿಕೆಯ ಬ್ಯಾಟರಿ ಗೂಡನ್ನು ತೆರೆದು ನೋಡಿ. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಕ್ಷಾರ. ಕೈಗವಸು ಹಾಕಿಕೊಂಡು, ಹತ್ತಿಯ ತುದಿಗೆ ಎರಡು ಹನಿ ನಿಂಬೆರಸ ತಾಗಿಸಿ ಒರೆಸಿದರೆ ಪುಡಿ ಬಿಡುತ್ತದೆ. ಆಮೇಲೆ ಒಣಬಟ್ಟೆ.

ಗುಂಡಿಯಂತಿರುವ ಚಪ್ಪಟೆ ಸೆಲ್‌ಗಳ ವಿಷಯ ಬೇರೆ. ಅದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಸೆಲ್ ಗೂಡಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ನಮ್ಮ ಮನೆಯಲ್ಲಿ ಈಗ ಒಂದೂ ಇಲ್ಲ. ಸೋಫಾ ಅಡಿ ಸಿಕ್ಕ ಆ ಮುಚ್ಚಳದ ಒಡೆಯನನ್ನು ಹುಡುಕಲು ನಾನು ಅರ್ಧ ದಿನ ಕಳೆದದ್ದು ಈ ಹೆದರಿಕೆಗೇ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಸಣ್ಣ ಬಿಡಿಭಾಗಗಳನ್ನು ಬೇರೆ ಮಾಡಿ. ಆಟಿಕೆ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಆ ವಯಸ್ಸಿನ ಕೈಗೆ ಸಲ್ಲದು. ಮುಟ್ಟಿದರೆ ಅಂಟಂಟಾಗುವ ಹಳೆಯ ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಳನ್ನೂ ಬಿಟ್ಟುಬಿಡಿ. ಪ್ಲಾಸ್ಟಿಕನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಹೊರಬರುತ್ತಿರುವ ಲಕ್ಷಣ ಅದು. ತೊಳೆದರೆ ಹೋಗದು.

ಬಿಸಾಡುವಾಗ ಸೆಲ್ ತೆಗೆಯಿರಿ. ಬರೀ ಪ್ಲಾಸ್ಟಿಕ್ ಆದರೆ ಒಣ ಕಸ, ಒಳಗೆ ಮೋಟಾರು, ತಂತಿ ಇದ್ದರೆ ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿದ್ಯುತ್ ಆಟಿಕೆಗಳೂ ಸೇರಿವೆ.

ಬೋರ್ಡ್ ಆಟಗಳನ್ನು ಮಾತ್ರ ಕಾಯಿ ಕಳೆದುಹೋಯಿತೆಂದು ಎಸೆಯಬೇಡಿ. ಹುಣಸೆ ಬೀಜ, ಕವಡೆ, ಅಂಗಿಯ ಗುಂಡಿ ಇಟ್ಟುಕೊಂಡು ಚೌಕಾಬಾರ ಆಡಿದ ಊರು ನಮ್ಮದು. ಹನ್ನೊಂದು ಚಕ್ರಗಳಲ್ಲಿ ನಾಲ್ಕು ಈಗ ಲೂಡೊದ ಹಳದಿ ಕಾಯಿಗಳಾಗಿವೆ. ಅಮ್ಮನ ಮಾತು ಅಷ್ಟರ ಮಟ್ಟಿಗೆ ನಿಜವಾಯಿತು. ಉಳಿದ ಏಳು ಹೋದವು.

ಅಟ್ಟದ ಪೆಟ್ಟಿಗೆ

ಉಳಿಸಿಕೊಳ್ಳಲೂ ಆಗದ, ಕೊಡಲೂ ಮನಸ್ಸು ಬಾರದ ಸಾಮಾನು ಇದ್ದೇ ಇರುತ್ತದೆ. ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ತಿಂಗಳು ಬರೆದು ಅಟ್ಟಕ್ಕೆ ಏರಿಸಿ. ಮೂರು ತಿಂಗಳಲ್ಲಿ ಮಗು ಹೆಸರು ಹಿಡಿದು ಕೇಳಿದ್ದನ್ನು ಇಳಿಸಿ ಕೊಡಿ. ಕೇಳದ್ದು ಬೇರೆ ಮನೆ ಸೇರಲಿ. ನನ್ನ ಆನೆಗೆ ಇಂಥದ್ದೊಂದು ಪೆಟ್ಟಿಗೆ ಸಿಕ್ಕಿದ್ದರೆ ಉಳಿಯುತ್ತಿತ್ತು.

ದಸರೆಗೆ ಗೊಂಬೆ ಕೂರಿಸುವ ಮನೆಯಾದರೆ ಇನ್ನೊಂದು ಪುಟ್ಟ ಪೆಟ್ಟಿಗೆ ಇರಲಿ. ಪಟ್ಟದ ಗೊಂಬೆಗಳ ಕೆಳಗೆ ಉದ್ಯಾನ, ಮೃಗಾಲಯ, ಸಂತೆ ಮಾಡುವಾಗ ಪುಟ್ಟ ಪ್ರಾಣಿ, ಕಾರು, ಅಡುಗೆ ಸೆಟ್ಟು ಉಪಯೋಗಕ್ಕೆ ಬರುತ್ತವೆ. ಒಂದೇ ಪೆಟ್ಟಿಗೆ, ಎರಡಲ್ಲ. ಇಲ್ಲದಿದ್ದರೆ ಇದೂ 'ಬೇಕಾದೀತು' ಆಗಿಬಿಡುತ್ತದೆ.

ತೊಳೆಯುವ ಮುನ್ನ

ಚನ್ನಪಟ್ಟಣದ ಮರದ ಗೊಂಬೆಗಳನ್ನು ನೀರಲ್ಲಿ ನೆನೆಹಾಕಬೇಡಿ, ಸ್ಯಾನಿಟೈಸರ್ ಹಚ್ಚಲೇಬೇಡಿ. ಅವುಗಳ ಬಣ್ಣ ಅರಗಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಶಾಖದಲ್ಲಿ ಕರಗಿ ಮೆತ್ತಿಕೊಂಡದ್ದು. ಸ್ಪಿರಿಟ್ ತಗುಲಿದರೆ ಅದು ಕರಗುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಅಂದ ಹಾಗೆ, 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದ್ದರೂ ಭೌಗೋಳಿಕ ಸೂಚಿಕೆ (ಒಂದು ಊರಿನ ವಿಶಿಷ್ಟ ಸಾಮಾನಿಗೆ ಸಿಗುವ ಜಿಐ ಮಾನ್ಯತೆ) ಪಡೆದ ಆಟಿಕೆಗಳ ನೋಂದಾಯಿತ ತಯಾರಕರಿಗೆ ವಿನಾಯಿತಿ ಇದೆ. ಚನ್ನಪಟ್ಟಣದ ಬುಗುರಿಯಲ್ಲಿ ಗುರುತಿಲ್ಲವೆಂದು ಅನುಮಾನಿಸಬೇಕಿಲ್ಲ.

ಟೆಡ್ಡಿಗಳನ್ನು ದಿಂಬಿನ ಚೀಲದೊಳಗೆ ಹಾಕಿ ಬಾಯಿ ಕಟ್ಟಿ ವಾಷಿಂಗ್ ಮಷಿನ್‌ಗೆ ಹಾಕಿದರೆ ಕಣ್ಣು, ಮೂಗು ಕಿತ್ತುಬರುವುದಿಲ್ಲ. ಹೊಟ್ಟೆಯೊಳಗಿನ ಹತ್ತಿ ಪೂರ್ತಿ ಒಣಗಬೇಕು, ಹಾಗಾಗಿ ಬಿಸಿಲಿರುವ ದಿನವೇ ಒಗೆಯಿರಿ. ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಿಗೆ ಉಗುರು ಬೆಚ್ಚಗಿನ ಸೋಪುನೀರು ಸಾಕು. ಕುದಿನೀರಿನಲ್ಲಿ ಸೊಟ್ಟಗಾದರೆ ಮತ್ತೆ ಒಂದಕ್ಕೊಂದು ಕೂರುವುದಿಲ್ಲ.

ಯಾರಿಗೆ ಕೊಡುವುದು

ಕೊಡುವ ಮುನ್ನ ಒಂದು ಪರೀಕ್ಷೆ: ಇದನ್ನು ನಾದಿನಿಯ ಮಗುವಿಗೆ ಕೊಡಲು ಕೈ ಬರುತ್ತದೆಯೇ? ಬಾರದಿದ್ದರೆ ಮನೆಕೆಲಸದವರ ಮಗುವಿಗೂ ಕೊಡಬಾರದು. ಅಂಗನವಾಡಿಗೆ ಒಯ್ಯುವುದಾದರೆ ಮೊದಲು ಕಾರ್ಯಕರ್ತೆಯನ್ನು ಕೇಳಿ. ಪ್ಲಾಸ್ಟಿಕ್ ಬಂದೂಕಿಗಿಂತ ಮರದ ತುಂಡು, ಚಿತ್ರಪುಸ್ತಕ, ಚೆಂಡುಗಳು ಅವರಿಗೆ ಉಪಯೋಗ. ಕೊಡಲು ಮಗುವನ್ನೂ ಕರೆದುಕೊಂಡು ಹೋಗಿ, ಭಾಷಣ ಬೇಡ.

ಪುಸ್ತಕ, ಚಿತ್ರ, ಬಟ್ಟೆ

ನೋಟ್‌ಬುಕ್‌ಗಳ ಖಾಲಿ ಹಾಳೆ ಹರಿದು ಬೈಂಡ್ ಮಾಡಿಸಿದರೆ ಮುಂದಿನ ವರ್ಷದ ರಫ್ ಪುಸ್ತಕ ಸಿದ್ಧ. ಬರೆದ ಹಾಳೆ ಹಳೆ ಪೇಪರಿನವರಿಗೆ. ಚಿತ್ರಗಳ ಫೋಟೊ ತೆಗೆದುಕೊಂಡು, ವರ್ಷಕ್ಕೆ ಹತ್ತನ್ನು ಮಾತ್ರ ಫೈಲಿನಲ್ಲಿಡಿ. ಹತ್ತನ್ನು ಆರಿಸುವವರು ಚಿತ್ರ ಬರೆದವರು. ನನ್ನ ಮಗಳು ಆರಿಸಿದ್ದರಲ್ಲಿ ಮೂರು ಹಾಳೆಯಲ್ಲಿ ಬರೀ ಕಪ್ಪು ಗೀಚು ಇತ್ತು, 'ರಾತ್ರಿ' ಎಂದಳು. ಇಟ್ಟುಕೊಂಡಿದ್ದೇನೆ. ಮಗುವಿನ ಕುಲಾವಿ, ಮೊದಲ ಅಂಗಿ ಒಂದೊಂದು ಇರಲಿ. ಚಿಕ್ಕದಾದ ಯೂನಿಫಾರ್ಮನ್ನು ಮೇ ತಿಂಗಳು ಮುಗಿಯುವ ಮುನ್ನ ಕೊಟ್ಟುಬಿಡಿ, ಶಾಲೆ ತೆರೆದ ಮೇಲೆ ಕೊಟ್ಟರೆ ಪಡೆದವರಿಗೆ ಪ್ರಯೋಜನವಿಲ್ಲ.

ಉಳಿದದ್ದಕ್ಕೆ ಜಾಗ

ಮುಚ್ಚಳದ ದೊಡ್ಡ ಪೆಟ್ಟಿಗೆ ಬೇಡ. ತಳದಲ್ಲಿರುವುದಕ್ಕಾಗಿ ಮಗು ಇಡೀ ಪೆಟ್ಟಿಗೆಯನ್ನೇ ಬೋರಲು ಹಾಕುತ್ತದೆ. ಮಗುವಿನ ಸೊಂಟದ ಎತ್ತರದ ಶೆಲ್ಫಿನಲ್ಲಿ ನಾಲ್ಕು ತರಕಾರಿ ಬುಟ್ಟಿ, ಪ್ರತಿಯೊಂದಕ್ಕೂ ಒಂದು ಚಿತ್ರ ಅಂಟಿಸಿದರೆ ಆಯಿತು.

ಇನ್ನು ಬರುವ ಸಾಮಾನು. ಹುಟ್ಟುಹಬ್ಬಗಳ ರಿಟರ್ನ್ ಗಿಫ್ಟ್ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ, ಬಿಡಿ. ಮಾವ, ಚಿಕ್ಕಪ್ಪ, ಅತ್ತೆಯರಿಗೆ 'ಏನೂ ಬೇಡ' ಎಂದರೆ ಅವರು ಬೇಸರಪಟ್ಟುಕೊಂಡು ಇನ್ನೂ ದೊಡ್ಡದನ್ನು ತರುತ್ತಾರೆ. 'ಏನು ತರಲಿ' ಎಂದು ಕೇಳಿದಾಗ ಒಂದೇ ಒಂದು ಹೆಸರು ಹೇಳಿ. ಹೋದ ಸಲ ನಾವು ಬಣ್ಣದ ಪೆನ್ಸಿಲ್ ಎಂದಿದ್ದೆವು. ಐದು ಪೆಟ್ಟಿಗೆ ಬಂದವು. ಎರಡು ಮುಗಿದಿವೆ.